ಡಂಬಳದ ಆಚೆ ಬಾಲದ ಚುಕ್ಕಿ

ಬೆಟಗೇರಿ
21 ಮಾರ್ಚ್ 1986, ಶುಕ್ರವಾರ

ಅಡರಕಟ್ಟಿಯ ಅಕ್ಕ ದಿಲಶಾದಬಿಗೆ ತಮ್ಮ ಖಾಸಿಂಸಾಬನ ಸಲಾಮು.

ನಿನ್ನ ಪತ್ರ ಬಂದು ಇಪ್ಪತ್ತೆರಡು ದಿನವಾಯಿತು. ಬೈದುಕೊಳ್ಳುತ್ತಿರುತ್ತಿ ಎಂದು ಗೊತ್ತು. ಬೈ, ಆದರೆ ಪೂರ್ತಿ ಓದಿದ ಮೇಲೆ ಬೈ. ಹೇಳುವುದು ಬಹಳ ಇದೆ ಎಂದು ಇನ್‌ಲ್ಯಾಂಡ್ ಬಿಟ್ಟು ಕವರು ತಂದಿದ್ದೇನೆ.

ನಿನ್ನ ಮಗ ನಬಿಸಾಬನಿಗೆ ನಮ್ಮ ಸಾಬೀರಾಳನ್ನು ಕೇಳಿ ಬರೆದದ್ದು ಮನೆಯಲ್ಲಿ ಹಬ್ಬವಾದಂತಾಯಿತು. ಮುಮ್ತಾಜ ಆ ಪತ್ರವನ್ನು ಟ್ರಂಕಿನಲ್ಲಿ ನಮ್ಮ ನಿಕಾಹದ ಸೀರೆಯ ಮಡಿಕೆಯೊಳಗೆ ಇಟ್ಟಿದ್ದಾಳೆ. ಆದರೆ ಕೊನೆಗೆ ಒಂದು ಸಾಲು ಬರೆದಿದ್ದೆಯಲ್ಲ, "ಹುಡುಗಿ ಕಣ್ಣು ಹ್ಯಾಂಗ ಅದಾವ ತಮ್ಮಾ?" ಎಂದು, ಆ ಸಾಲು ನನ್ನ ಕೈ ಕಟ್ಟಿಹಾಕಿತು.

ನನ್ನ ಇರುಳುಗಣ್ಣಿನ ಸಂಗತಿ ಅವ್ವ ಹೋದ ಮೇಲೆ ನಿನಗೂ ಮುಮ್ತಾಜಳಿಗೂ ಬಿಟ್ಟರೆ ಯಾರಿಗೂ ತಿಳಿಯದು. ಹಗಲು ಸೂಜಿಗೆ ದಾರ ಪೋಣಿಸುವವನಿಗೆ ಹೊತ್ತು ಮುಳುಗಿದರೆ ಎದುರಿಗೆ ನಿಂತ ಎಮ್ಮೆ ಕಾಣುವುದಿಲ್ಲ. ನನ್ನ ಸ್ಟುಡಿಯೋದಲ್ಲಿ ಫೋಟೋ ತೊಳೆಯುವ ಕತ್ತಲೆಕೋಣೆಯಲ್ಲಿ ಮಾತ್ರ ನಾನು ರಾಜ, ಅಲ್ಲಿ ಎಲ್ಲರೂ ನನ್ನ ಹಾಗೆಯೇ. ಇದಕ್ಕೆ ಔಷಧವಿಲ್ಲ, ರಕ್ತದಲ್ಲಿ ಹರಿದು ಬರುವಂಥದ್ದು ಎಂದು ಡಾಕ್ಟರು ಹೇಳಿದ್ದನ್ನು ನೀನೂ ಕೇಳಿದ್ದೆ. ಸಾಬೀರಾಳಿಗೆ ಈಗ ಹತ್ತೊಂಬತ್ತು. ದೀಪ ಹಚ್ಚಿದ ಮೇಲೆ ಅವಳನ್ನು ಹೊರಗೆ ಕಳಿಸಿದವರಲ್ಲ ನಾವು. ಪರೀಕ್ಷೆ ಮಾಡುವ ಪ್ರಸಂಗ ಬರಲಿಲ್ಲ. ಬರಲಿಲ್ಲ ಅನ್ನುವುದೇಕೆ, ನಾನು ಬರಗೊಡಲಿಲ್ಲ.

ಹೀಗಿರುವಾಗ ಹೈಸ್ಕೂಲಿನ ವಿಜ್ಞಾನದ ಸಂಗಪ್ಪ ಮಾಸ್ತರು ಸ್ಟುಡಿಯೋಕ್ಕೆ ಬಂದರು.

"ಖಾಸಿಂಸಾಬ್, ಎಪ್ಪತ್ತಾರು ವರ್ಷಕ್ಕೊಮ್ಮೆ ಬರೂ ಬಾಲದ ಚುಕ್ಕಿ ಬಂದೈತಿ. ಊರಿನ ಲೈಟಿನಾಗ ಅದರ ಫೋಟೋ ಬರೂದಿಲ್ಲ. ಡಂಬಳ ದಾಟಿ ಮುಂಡರಗಿ ಹಾದಿಗೆ ಹೋಗೂಣು. ಮುಂದಿನ ಸಲಾ ನೋಡೂಣು ಅನ್ನಬ್ಯಾಡ್ರಿ. ಆವಾಗ ನಾನೂ ಇರೂದಿಲ್ಲ, ನೀವೂ ಇರೂದಿಲ್ಲ."

ಒಲ್ಲೆ ಎನ್ನಲು ಬಾಯಿ ತೆರೆದವನು, "ಸಹಾಯಕ್ಕ ನನ್ನ ಮಗಳನ್ನ ಕರಕೊಂಡ ಬರತೇನ್ರಿ" ಅಂದುಬಿಟ್ಟೆ. ಮಾಸ್ತರ ಹೆಂಡತಿ ಶಾರದವ್ವನೂ ಬರುವವರಿದ್ದರು, ಹಾಗಾಗಿ ಜನ ಆಡಿಕೊಳ್ಳುವ ಭಯವಿರಲಿಲ್ಲ.

ಮುಮ್ತಾಜ ಮಾತ್ರ ಬಾಗಿಲಿಗೆ ಅಡ್ಡ ನಿಂತಳು. "ಚುಕ್ಕಿ ನೋಡಾಕ ಹೊಂಟೀರೋ, ಮಗಳ ಕಣ್ಣು ನೋಡಾಕ ಹೊಂಟೀರೋ?"

"ಎರಡೂ."

"ಅಕೀಗೆ ಕಾಣಲಿಲ್ಲಂದ್ರ ಏನ ಮಾಡ್ತೀರಿ?"

ನಾನು ಕ್ಯಾಮೆರಾದ ಲೆನ್ಸು ಒರೆಸುತ್ತ ಕುಳಿತೆ ಅಕ್ಕಾ.

ಹೋದ ಶುಕ್ರವಾರ ನಸುಕಿನ ಎರಡು ಗಂಟೆಗೆ ಬಾಡಿಗೆ ಗಾಡಿಯ ದ್ಯಾಮಪ್ಪನ ಮೆಟಡೋರು ಹೊರಟಿತು. ದ್ಯಾಮಪ್ಪ ಹಾದಿಯುದ್ದಕ್ಕೂ ಹಾಡಿದ. ಶಾರದವ್ವ ನಡುನಡುವೆ, "ಹಾಡು ನಿಲ್ಲಸಪಾ, ಚುಕ್ಕಿ ಅಂಜಿ ಓಡಿ ಹೋದೀತು" ಅನ್ನುತ್ತಿದ್ದರು. ಎಲ್ಲರೂ ನಕ್ಕರು. ನಾನು ಕ್ಯಾಮೆರಾದ ಸ್ಟ್ಯಾಂಡನ್ನು ಅಪ್ಪಿಕೊಂಡು ಕುಳಿತಿದ್ದೆ. ನನ್ನ ಗುಟ್ಟು ಬಯಲಾದೀತೆಂಬ ಹೆದರಿಕೆ ಒಂದು, ಮಗಳು ಏನು ಹೇಳುವಳೋ ಎಂಬುದು ಇನ್ನೊಂದು.

ಗಾಡಿ ನಿಂತದ್ದು ಬಿಳಿಜೋಳ ಕೊಯ್ದ ಎರೆಹೊಲದ ಬದಿಗೆ. "ಯಾರೂ ಬ್ಯಾಟರಿ ಹಚ್ಚಬ್ಯಾಡ್ರಿ, ಫೋಟೋ ಕೆಡತೈತಿ" ಎಂದು ಮಾಸ್ತರು ಅಪ್ಪಣೆ ಮಾಡಿದರು. ಇಳಿದವನೇ ಒಂದು ಕಾಲನ್ನು ರಸ್ತೆಬದಿಯ ತಗ್ಗಿಗೆ ಇಟ್ಟೆ.

"ಏನಾತ್ರೀ ಸಾಹೇಬ್ರ?" ಎಂದ ದ್ಯಾಮಪ್ಪ.

"ಚಪ್ಪಲಿ ಉಂಗುಷ್ಠ ಹರೀತಪಾ" ಎಂದೆ. ಚಪ್ಪಲಿ ಗಟ್ಟಿಯಾಗಿಯೇ ಇತ್ತು.

ಸ್ಟ್ಯಾಂಡನ್ನು ಕೈಯಿಂದಲೇ ತಡವಿ ನಿಲ್ಲಿಸಿದೆ. ಇನ್ನು ಚುಕ್ಕಿಗೆ ಗುರಿ ಹಿಡಿಯಬೇಕಲ್ಲ! "ಮಾಸ್ತರ, ಇಂಥಾದ್ದಕ್ಕ ನಿಮ್ಮಂಥಾ ಕಲತವರ ಕೈ ಬೇಕ್ರಿ" ಎಂದು ಅವರನ್ನೇ ಮುಂದೆ ಮಾಡಿದೆ. ಅವರು ಹಿಗ್ಗಿ ಗುರಿ ಹಿಡಿದರು. ನಾನು ಶಟರ್ ತೆರೆದು ಮನಸ್ಸಿನಲ್ಲೇ ಎಣಿಸುತ್ತ ನಿಂತೆ.

"ಅಬ್ಬಾ! ಎಷ್ಟುದ್ದ ಬಾಲಾ!" ಎಂದು ಶಾರದವ್ವ ಕೂಗಿದರು. ನಾನೂ ಮುಖ ಮೇಲೆತ್ತಿ ವಾ ವಾ ಅಂದೆ. ನನ್ನ ಮುಂದಿದ್ದದ್ದು ಬರೀ ಮಸಿ. ಆಮೇಲೆ ಕೈ ಚಾಚಿ ಸಾಬೀರಾಳ ಹೆಗಲು ಮುಟ್ಟಿದೆ.

"ಕಾಣಸ್ತೇನವಾ?"

ನನ್ನ ಕೈಯಡಿಯಲ್ಲಿ ಅವಳ ಹೆಗಲು ತುಸು ತಿರುಗಿತು.

"ಹೂಂ ಅಪ್ಪಾ, ಕಾಣಸ್ತು. ಬಾಲಾ ಉದ್ದಕ ಐತಿ."

ಅಕ್ಕಾ, ಗಾಡಿಯಲ್ಲಿ ತಿಂದ ಆ ತಣ್ಣನೆಯ ರೊಟ್ಟಿ, ಶೇಂಗಾ ಚಟ್ನಿಯ ರುಚಿ ಇನ್ನೂ ನಾಲಗೆಯ ಮೇಲಿದೆ. ಬರುವಾಗ ದ್ಯಾಮಪ್ಪನ ಜೊತೆ ನಾನೂ ಹಾಡಿದೆ.

ಫೋಟೋ ತೊಳೆದಾಗ, ಅಪ್ಪ ಹತ್ತಿ ಹಿಂಜುವಾಗ ಬಿಲ್ಲಿಗೆ ಸಿಕ್ಕಿ ಹಾರುತ್ತಿದ್ದ ಎಳೆಯಂತೆ ಆ ಚುಕ್ಕಿ ತಟ್ಟೆಯ ನೀರಿನಲ್ಲಿ ಮೂಡಿತು. ಸಾಬೀರಾ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

ಹೀಗೆ, ನೀನು ಕೇಳಿದ್ದಕ್ಕೆ ಉತ್ತರ: ಹುಡುಗಿಯ ಕಣ್ಣು ಚೆನ್ನಾಗಿವೆ. ಭಾವನವರಿಗೆ ಸಲಾಮು, ನಬಿಸಾಬನಿಗೆ ನನ್ನ ದುವಾ. ಅಲ್ಲಾಹನು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ತಮ್ಮ,
ಖಾಸಿಂಸಾಬ

ತಾ.ಕ. — ಭಾನುವಾರ. ಎರಡು ದಿನ ಈ ಕವರು ಕಿಸೆಯಲ್ಲೇ ಉಳಿಯಿತು. ಮೇಲೆ ಬರೆದದ್ದನ್ನು ಹರಿಯುವುದಿಲ್ಲ, ಆದರೆ ಅದನ್ನು ನಂಬಬೇಡ.

ನಿನ್ನೆ ದ್ಯಾಮಪ್ಪ ಫೋಟೋ ನೋಡಲು ಬಂದಿದ್ದ. ನೋಡಿ, ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ, ದನಿ ಇಳಿಸಿದ. "ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಅವತ್ತ ನಾವೆಲ್ಲಾ ಮೂಡಲಕ್ಕ ನೋಡಾಕ ಹತ್ತಿದ್ವಿ. ನೀವು ಅಪ್ಪ-ಮಗಳು ಪಡುವಲಕ್ಕ, ಕಪ್ಪತಗುಡ್ಡದ ಕಡೆ ಮಾರಿ ಮಾಡಿ ವಾ ವಾ ಅನ್ನಾಕ ಹತ್ತಿದ್ರಿ. ನಾ ಯಾರ ಮುಂದೂ ಅಂದಿಲ್ಲರಿ."

ಅವನು ಹೋದ ಮೇಲೆ ಸಾಬೀರಾಳನ್ನು ಕರೆದು ಕೇಳಿದೆ. ಅವಳು ಅಳಲಿಲ್ಲ. "ಸಾಲ್ಯಾಗ ಮೂರನೇತ್ತೆ ಇದ್ದಾಗಿಂದ ಕಾಣೂದಿಲ್ಲ" ಅಂದಳು.

"ಯಾಕ ಹೇಳಲಿಲ್ಲವಾ?"

"ನೀವು ಯಾರಿಗೆ ಹೇಳೀರಪ್ಪಾ?"

ಹತ್ತು ವರ್ಷದಿಂದ ಅವಳು ನನ್ನನ್ನು ನೋಡಿಯೇ ಕಲಿತಿದ್ದಾಳೆ ಅಕ್ಕಾ. ಕತ್ತಲಾಗುವ ಮೊದಲೇ ಕೆಲಸ ಮುಗಿಸುವುದು, ಗೋಡೆ ಹಿಡಿದು ನಡೆಯುವುದು, ಕಾಣದ್ದನ್ನು ಕಂಡಿತೆನ್ನುವುದು. ಕಣ್ಣು ರಕ್ತದಿಂದ ಬಂತು, ಅದಕ್ಕೆ ನಾನೇನು ಮಾಡಲಿ? ಆದರೆ ಸುಳ್ಳನ್ನು ಕಲಿಸಿದವನು ನಾನು.

ನನ್ನ ನಿಕಾಹದ ಹೊತ್ತಿಗೆ ನೀನು, ಅವ್ವ, ನಾನು ಮೂವರೂ ಬಾಯಿ ಹೊಲಿದುಕೊಂಡಿದ್ದೆವು. ಎರಡನೆಯ ವಾರ ನಾನು ಇರುಳಲ್ಲಿ ತುಂಬಿದ ಕೊಡ ಒದ್ದಾಗ ಮುಮ್ತಾಜಳಿಗೆ ತಿಳಿಯಿತು. ಅವಳು ಅತ್ತದ್ದು ನನ್ನ ಕಣ್ಣಿಗಲ್ಲ, ಯಾರೂ ಹೇಳಲಿಲ್ಲವಲ್ಲ ಎಂಬುದಕ್ಕೆ. ನಿನ್ನೆ ರಾತ್ರಿ ಅದನ್ನು ಮತ್ತೊಮ್ಮೆ ಹೇಳಿದಳು.

ಈಗ ಸಾಬೀರಾ ನನ್ನ ಪಕ್ಕದಲ್ಲೇ ನಿಂತಿದ್ದಾಳೆ. "ನನ್ನ ಮಾತು ಬರೀರಿ" ಅನ್ನುತ್ತಾಳೆ. ಹೇಳಿದ ಹಾಗೇ ಬರೆಯುತ್ತೇನೆ:

"ಅತ್ತೀ, ನನಗ ಕತ್ತಲದಾಗ ಕಾಣೂದಿಲ್ಲ. ಇದನ್ನ ಮುಚ್ಚಿಟ್ಟು ನಿಮ್ಮ ಮನಿ ಹೊಸ್ತಲಾ ದಾಟೂದಿಲ್ಲ. ನಿಮ್ಮ ಮಗಗ ಪೂರಾ ಓದಿ ಹೇಳ್ರಿ. ಬ್ಯಾಡಂದ್ರ ಬ್ಯಾಡಂತ ಬರೀರಿ, ನಾ ಏನೂ ಅನ್ಕೊಳ್ಳೂದಿಲ್ಲ. ಸುಮ್ಮಕ ಮಾತ್ರ ಇರಬ್ಯಾಡ್ರಿ."