ಮುಚನೇತಾ ಎಂದು ಕೂಗಿದ ಶನಿವಾರ

ಚಿಮಾನಿಮಾನಿಯ ಚಳಿಯಲ್ಲಿ ಕಂಬಳಿ ಹೊದ್ದು ಕುಳಿತಿರುವ ನನ್ನ ತೇತೆಗೆ, ನಿಮ್ಮ ತಮ್ಮನ ಮಗಳು ಮಂಡಿಯೂರಿ, ಎರಡೂ ಕೈ ತಟ್ಟಿ ಮಾಡುವ ವಂದನೆಗಳು.

ಕ್ಷೇಮ ಸಮಾಚಾರ ಆಮೇಲೆ. ಮೊದಲು ಸುದ್ದಿ ಕೇಳಿ, ಇಲ್ಲದಿದ್ದರೆ ನನ್ನ ಹೊಟ್ಟೆಯೇ ಒಡೆದುಹೋದೀತು. ನಿಮ್ಮ ಮುಚನೇತಾ ಬದುಕಿದೆ! ಕೊರಳಲ್ಲಿ ಕೆಂಪು ಪಟ್ಟಿ, ಹೆಸರಿನಲ್ಲೊಂದು ಕಾರ್ಡು, ತೊಡೆಗೆ ಹುಚ್ಚುನಾಯಿ ರೋಗದ ಇಂಜೆಕ್ಷನ್. ಮುತಾರೆಯಲ್ಲಿ ಈಗ ಅದನ್ನು ಬೀದಿನಾಯಿ ಎನ್ನಲು ಯಾರಿಗೂ ಬಾಯಿಲ್ಲ.

ನೀವು ಮಗಳ ಮನೆಗೆ ಹೊರಟು ಎಂಟು ತಿಂಗಳಾಯಿತು. ಅಳಿಯನಿಗೆ ನಾಯಿ ಕಂಡರಾಗದು ಎಂದು ಅದನ್ನು ಇಲ್ಲೇ ಬಿಟ್ಟಿರಿ. ಬಸ್ಸು ಹತ್ತುವಾಗ, "ಅದು ಹೇಗೋ ಬದುಕ್ಕೊಳ್ಳುತ್ತೆ ಬಿಡೇ, ನಾಯಿ ತಾನೆ" ಎಂದಿರಿ. ಆಗ ನನಗೆ ಬಂದ ಸಿಟ್ಟನ್ನು ಇವತ್ತಿನವರೆಗೂ ನಿಮಗೆ ಹೇಳಿಲ್ಲ. ತೇತೆಗೆ ಎದುರು ಮಾತಾಡುವ ಸೋದರಸೊಸೆ ನಮ್ಮ ಮನೆತನದಲ್ಲಿ ಹುಟ್ಟಿಲ್ಲವಲ್ಲ! ನಿಮ್ಮ ಮನೆಗೆ ಬಂದ ಹೊಸ ಬಾಡಿಗೆಯವರು ಅದನ್ನು ಕಲ್ಲು ಹೊಡೆದು ಓಡಿಸಿದರು. ನನ್ನದು ಬಾಡಿಗೆ ಕೋಣೆ, ಒಂದು ಕೋಳಿ ಸಾಕಲೂ ಮಾಲೀಕ ಒಪ್ಪುವುದಿಲ್ಲ. ಅದು ಮೋರಿಯ ಪೈಪಿನೊಳಗೆ ಮಲಗತೊಡಗಿತು. ನಾನು ದಿನವೂ ನೋಡುತ್ತಾ ಹೊಲಿಗೆ ಯಂತ್ರ ತುಳಿಯುತ್ತಿದ್ದೆ.

ಕಳೆದ ತಿಂಗಳು ಹಿಂದಿನ ಬೀದಿಯಲ್ಲಿ ಹುಚ್ಚು ಹಿಡಿದ ನಾಯಿಯೊಂದು ಪುಟ್ಟ ಹುಡುಗಿಯನ್ನು ಕಚ್ಚಿತು. ಹುಡುಗಿ ಉಳಿದಳು, ದೇವರು ದೊಡ್ಡವನು. ಆದರೆ ಮೈಕು ಕಟ್ಟಿದ ಗಾಡಿ ಬಂದು ಸಾರಿಹೋಯಿತು: ಶನಿವಾರ ಮಧ್ಯಾಹ್ನದವರೆಗೆ ಫುಟ್‌ಬಾಲ್ ಮೈದಾನದಲ್ಲಿ ಇಂಜೆಕ್ಷನ್, ಸೋಮವಾರದಿಂದ ಕೊರಳಲ್ಲಿ ಪಟ್ಟಿ ಇಲ್ಲದ ನಾಯಿಗಳಿಗೆ ಗುಂಡು.

ಇಂಜೆಕ್ಷನ್ ಹಾಕುವವರ ಕಡೆಯ ಹುಡುಗಿಯೊಬ್ಬಳು ಮುಂಚಿತವಾಗಿ ಬಂದು ನಲ್ಲಿಯ ಹತ್ತಿರ ನಮ್ಮನ್ನೆಲ್ಲ ನಿಲ್ಲಿಸಿಕೊಂಡಳು. "ಮನೆ ಒಳಗೆ ಕರ್ಕೊಂಡು ಸಾಕಿ ಅಂತ ಯಾರು ಹೇಳಿದ್ರು ನಿಮಗೆ? ದಿನಾ ಒಂದೇ ಜಾಗದಲ್ಲಿ ಊಟ ಇಡಿ, ತಾನೇ ಹತ್ರ ಬರುತ್ತೆ. ಒಂದು ಡಬ್ಬಿ ನೀರಿಡಿ. ಕಲ್ಲು ಹೊಡೀಬೇಡಿ. ಕೊರಳಿಗೆ ಒಂದು ಪಟ್ಟಿ ಕಟ್ಟಿ ಮೈದಾನಕ್ಕೆ ತನ್ನಿ. ಮರಿ ಆಗದ ಹಾಗೆ ಆಪರೇಷನ್ ನಾವು ಮಾಡ್ತೀವಿ. ಇಷ್ಟೇ ತಾಯಂದಿರೇ, ಇಷ್ಟೇ!" ಎಂದಳು. ಆ 'ಇಷ್ಟೇ' ನನ್ನ ತಲೆ ಕೆಡಿಸಿಬಿಟ್ಟಿತು ತೇತೆ. ಎಂಟು ತಿಂಗಳು ನಾನು ಅಯ್ಯೋ ಪಾಪ ಎನ್ನುತ್ತಾ ಕುಳಿತದ್ದು ಇಷ್ಟಕ್ಕೇ ಆಗಿತ್ತೇ?

ಆ ಸಂಜೆಯೇ ಶಾಲೆ ಯೂನಿಫಾರ್ಮಿನ ಕೆಂಪು ಚೂರು ಬಟ್ಟೆಯನ್ನೆಲ್ಲ ಸುರಿದುಕೊಂಡು ಪಟ್ಟಿ ಹೊಲಿಯಲು ಕುಳಿತೆ. ನಾಲ್ಕು ಮಡಿಕೆ, ಎರಡು ಸಾಲು ಹೊಲಿಗೆ, ಆನೆ ಎಳೆದರೂ ಹರಿಯದು! ಮಾಂಸದಂಗಡಿಯವನು ಮೂಳೆ ಕೊಟ್ಟ. ಬಣ್ಣ ಬಳಿಯುವ ಅಜ್ಜ, ನಮ್ಮ ಸೆಕುರು ಗ್ವಾಟಿಡ್ಜೊ, ಖಾಲಿ ಡಬ್ಬಿಗಳನ್ನು ತೊಳೆದು ಗೇಟು ಗೇಟಿಗೂ ನೀರಿಟ್ಟರು. ಆ ವಯಸ್ಸಿನಲ್ಲಿ ತಳ್ಳುಗಾಡಿಯನ್ನೂ ತಂದು, "ನಡೆಯೋಕಾಗದ ನಾಯಿಗಳಿಗೆ ಇದೇ ಬಸ್ಸು, ನಾನೇ ಡ್ರೈವರ್ರು" ಎಂದರು. ಒಂದೊಂದಾಗಿ ಎಲ್ಲ ನಾಯಿಗಳೂ ಕೈಗೆ ಬಂದವು, ನಿಮ್ಮದೊಂದನ್ನು ಬಿಟ್ಟು.

ತಪ್ಪು ನಿಮ್ಮದೇ. ಲೋಕದ ಜನ ನಾಯಿಗೆ ಸಿಂಹ, ಹುಲಿ ಎಂದು ಹೆಸರಿಡಲಿ, ನೀವು ಮಾತ್ರ ಪಕ್ಕದ ಮನೆಗೆ ಕೇಳಲಿ ಎಂದು 'ಮುಚನೇತಾ' ಎಂದಿಟ್ಟಿರಿ. ಸುಸ್ತಾಗೋದು ನೀವೇ, ಅಂತ! ಬೇಲಿ ದಾಟಿದ ಒಂದು ಆವಕಾಡೊ ಕೊಂಬೆಯ ಜಗಳಕ್ಕಾಗಿ! ಮರುವಾರವೇ ಆ ಮನೆಯ ಮಾಯ್ ಗರಿಕಾಯಿ ಒಂದು ನಾಯಿಮರಿ ತಂದು 'ಹತಿನೇತಿ' ಎಂದಿಟ್ಟರು, ನಾವು ಸುಸ್ತಾಗುವವರಲ್ಲ ಎಂದು. ಐದು ವರ್ಷ ಬೇಲಿಯ ಎರಡೂ ಕಡೆ ನಾಯಿ ಕರೆಯುವ ನೆಪದಲ್ಲಿ ಬೈದಾಡಿಕೊಂಡಿರಿ, ಮುಖ ಕೊಟ್ಟು ಒಂದು ಮಾತೂ ಆಡಲಿಲ್ಲ. ಈಗ ಮುಚನೇತಾ ಮಲಗುವ ಪೈಪು ಇರುವುದು ಸರಿಯಾಗಿ ಮಾಯ್ ಗರಿಕಾಯಿಯವರ ಗೇಟಿನೆದುರು. ಕಲ್ಲೇಟು ತಿಂದ ಮೇಲೆ ಅದು ಹೆಸರು ಹಿಡಿದು ಕರೆಯದೆ ಯಾರ ಹತ್ತಿರವೂ ಬರುತ್ತಿರಲಿಲ್ಲ. ಅಲ್ಲಿ ನಿಂತು ಆ ಹೆಸರು ಕೂಗುವವರಾರು?

"ನಾನಂತೂ ಕೂಗಲ್ಲಮ್ಮ, ನಾಳೆ ಉಪ್ಪು ಬೇಕಾದ್ರೆ ಅವರ ಮನೆಗೇ ಹೋಗ್ಬೇಕು ನಾನು" ಎಂದು ಒಬ್ಬಳು ಜಾರಿಕೊಂಡಳು. ನಾನು ಬುದ್ಧಿವಂತಿಕೆ ಮಾಡಲು ಹೋಗಿ ವಾರವಿಡೀ ಒಣಮೀನು ತೋರಿಸುತ್ತಾ ಅದಕ್ಕೆ 'ಮುಫಾರೊ' ಎಂಬ ಹೊಸ ಹೆಸರು ಕಲಿಸಿದೆ. ಸಂತೋಷ ಎಂಬ ಹೆಸರು, ಯಾರಿಗೆ ತಾನೆ ಚುಚ್ಚೀತು? ದೂರ ಎಸೆದ ಮೀನನ್ನೆಲ್ಲ ಅದು ತಿಂದಿತು. ಹೆಸರು ಕಲಿಯಲಿಲ್ಲ.

ಶನಿವಾರ ಹನ್ನೊಂದೂವರೆ. ಮೈದಾನದಲ್ಲಿ ಮೇಜು ಮಡಚುವ ಹೊತ್ತು. ನಾನು ಪೈಪಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು "ಮುಫಾರೊ, ಮುಫಾರೊ" ಎಂದು ಗೋಗರೆಯುತ್ತಿದ್ದೆ. ಒಳಗಿನಿಂದ ಎರಡು ಕಣ್ಣು ಬಿಟ್ಟರೆ ಏನೂ ಇಲ್ಲ. ಸೋಮವಾರ ನೆನಪಾಯಿತು. ಕಣ್ಣು ಮುಚ್ಚಿ ಕೂಗಿಯೇಬಿಟ್ಟೆ: "ಮುಚನೇತಾ!"

ಗೇಟು ಕಿರ್ರೆಂದಿತು. ಮಾಯ್ ಗರಿಕಾಯಿ, ಕೈಯಲ್ಲಿ ಸದ್ಜಾ ಮುದ್ದೆ ತಿರುವುವ ಕೋಲು.

"ಯಾರದು? ಯಾರು ಸುಸ್ತಾಗೋದು?"

ಕುಳಿತಲ್ಲೇ ಮಂಡಿಯೂರಿ ಕೈ ತಟ್ಟಿದೆ. "ತಪ್ಪಾಯ್ತು ತಾಯಿ, ನಿಮಗಂದಿದ್ದಲ್ಲ. ನಾಯಿ ಕರೀತಿದೀನಿ. ಸೋಮವಾರ ಇದನ್ನ ಕೊಂದುಬಿಡ್ತಾರೆ."

ಅವರು ಕೋಲು ಕೆಳಗಿಳಿಸಿದರು. ಬಗ್ಗಿ ಪೈಪಿನೊಳಗೆ ನೋಡಿದರು. ಆಮೇಲೆ ಮೆಲ್ಲಗೆ, ಕದ್ದು ತಿಂದವರ ಹಾಗೆ, "ಬೆಳಿಗ್ಗೆ ಬೆಳಿಗ್ಗೆ ಇದಕ್ಕೆ ಪಾತ್ರೆ ತಳದ ಸದ್ಜಾ ಹಾಕೋಳು ಯಾರು ಅನ್ಕೊಂಡಿದೀಯ? ನಿನ್ನ ತೇತೆ ಕಿವಿಗೆ ಬಿದ್ರೆ ನಕ್ಕುಬಿಡ್ತಾರೆ ಅಂತ ಯಾರ ಹತ್ರಾನೂ ಬಾಯಿ ಬಿಡ್ಲಿಲ್ಲ" ಎಂದರು.

"ಮತ್ತೆ ಏನಂತ ಕರೀತೀರಿ?"

"ಕರೆಯೋದಾ? ಆ ಹೆಸರನ್ನ ನನ್ನ ಬಾಯಲ್ಲಿ? ಪಾತ್ರೆ ಬಡೀತೀನಿ, ಬರುತ್ತೆ."

ಬಡಿದರು. ಬರಲಿಲ್ಲ. ಅಷ್ಟು ಹೊತ್ತಿಗೆ ಬೀದಿಯೆಲ್ಲ ಸುತ್ತ ಸೇರಿ ಅದು ಬೆದರಿಹೋಗಿತ್ತು. ಮಾಯ್ ಗರಿಕಾಯಿ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಅವರು ತಲೆಬಟ್ಟೆ ಬಿಗಿದುಕೊಂಡು, ಸ್ವಂತ ಗೇಟಿಗೆ ಬೆನ್ನು ಕೊಟ್ಟು ನಿಂತು, ಚರ್ಚಿನಲ್ಲಿ ಹಾಡುವ ಆ ಗಟ್ಟಿ ಗಂಟಲಲ್ಲಿ ಕೂಗಿದರು: "ಮುಚನೇತಾ! ಬಾ ಮಗಳೇ, ಮುಚನೇತಾ!"

ಅದು ಬಂತು ತೇತೆ! ಬಾಲ ಅಲ್ಲಾಡಿಸುತ್ತಾ, ಸೊಂಟವನ್ನೆಲ್ಲ ಕುಣಿಸುತ್ತಾ ಬಂತು! ಬೀದಿಯ ಜನ ಕೇಕೆ ಹಾಕಿದ್ದು ನಿಮಗೆ ಅಲ್ಲಿಗೇ ಕೇಳಿಸಿರಬೇಕು. ಸೆಕುರು ಗಾಡಿ ತಂದರು. ಮಾಯ್ ಗರಿಕಾಯಿ ಪಕ್ಕದಲ್ಲೇ ಓಡಿದರು, ಏಪ್ರನ್ನೂ ಬಿಚ್ಚದೆ. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ.

ಮೇಜಿನ ಹತ್ತಿರ ಇನ್ನೊಂದು ಗಂಡಾಂತರ. ಬರೆದುಕೊಳ್ಳುವವನು ಕಾರ್ಡಿಗೆ ಯಜಮಾನರ ಹೆಸರು ಕೇಳಿದ. ನಾನು ನಿಮ್ಮ ಹೆಸರು ಹೇಳಿದೆ. ಊರಲ್ಲಿಲ್ಲದವರ ಹೆಸರು ಆಗದು ಎಂದ. ನನ್ನ ಹೆಸರು ಹೇಳಲು ಬಾಯಿ ತೆರೆದೆ, ಮನೆ ಮಾಲೀಕನ ಮುಖ ಕಣ್ಣ ಮುಂದೆ ಬಂದು ತಡವರಿಸಿದೆ. ಅಷ್ಟರಲ್ಲಿ ಮಾಯ್ ಗರಿಕಾಯಿ ಮೇಜಿನ ಮೇಲೆ ಕೈಯೂರಿದರು. "ನನ್ನ ಹೆಸರು ಬರ್ಕೋ."

ಅವನೂ ನಮ್ಮ ಭಾಷೆಯವನೇ. ನಾಯಿಯ ಹೆಸರು ಕೇಳಿ ತುಟಿ ಕಚ್ಚಿಕೊಂಡ. "ಬೇರೆ ಹೆಸರು ಬರೀಲಾಮ್ಮ?"

"ಬೇಡ. ಅದಕ್ಕೆ ಗೊತ್ತಿರೋದು ಅದೊಂದೇ" ಎಂದವರು ನನ್ನ ಕಡೆ ತಿರುಗಿದರು. "ನಿನ್ನ ತೇತೆಗೆ ಬರಿ, ನಾನು ಸುಸ್ತಾದೆ ಅಂತ. ನನ್ನ ಹತಿನೇತಿ ಕೋಂಬಿ ಗಾಡಿ ಕೆಳಗೆ ಸಿಕ್ಕಿ ಸತ್ತ ದಿನಾನೇ ಸುಸ್ತಾದೆ. ಅವತ್ತು ಅವರು ಬೇಲಿ ಹತ್ರ ಬಂದು ನಿಂತಿದ್ರು, ಏನೋ ಹೇಳೋಕೆ. ನಾನೇ ಒಳಗೆ ಹೋಗ್ಬಿಟ್ಟೆ."

ನೀವು ಅದನ್ನು ನನಗೆ ಯಾವತ್ತೂ ಹೇಳಲಿಲ್ಲ ತೇತೆ. ನಿಮ್ಮ ಮೇಲಿನ ಎಂಟು ತಿಂಗಳ ಸಿಟ್ಟು ಅಲ್ಲೇ, ಆ ಮೈದಾನದಲ್ಲೇ ಇಳಿದುಹೋಯಿತು.

ಮುಂದಿನ ತಿಂಗಳು ಆಪರೇಷನ್ನಿಗೆ ಗಾಡಿ ಬರುತ್ತದೆ, ಹೆಣ್ಣುನಾಯಿಗಳನ್ನೆಲ್ಲ ಕಳಿಸುತ್ತೇವೆ. ಹಿಂದಿನ ಬೀದಿಯವರು ಪಟ್ಟಿ ಕೇಳಿಕೊಂಡು ನನ್ನ ಬಾಗಿಲಿಗೆ ಬರುತ್ತಿದ್ದಾರೆ. ಚಿಮಾನಿಮಾನಿಯಲ್ಲೂ ಬೀದಿನಾಯಿಗಳಿರುತ್ತವೆ. ಅಳಿಯ ಮನೆಯೊಳಗೆ ತಾನೆ ಬೇಡ ಅನ್ನುವುದು? ಗೇಟಿನ ಹೊರಗೊಂದು ಡಬ್ಬಿ ನೀರಿಡಿ.

ಇನ್ನೊಂದು ಮಾತು, ನೋಯಬೇಡಿ. ಈಗ ಅದು ಮಾಯ್ ಗರಿಕಾಯಿಯವರ ಬಾಗಿಲಲ್ಲೇ ಮಲಗುತ್ತದೆ. ಅವರು ಮನೆಯಿಂದ ಹೊರಬಿದ್ದರೆ ಹಿಂದೆಯೇ ಹೋಗುತ್ತದೆ. ನೀವು ಬಂದ ದಿನ ಅದು ಮೊದಲು ಅವರ ಮುಖ ನೋಡಿ, ಆಮೇಲೆ ನಿಮ್ಮ ಕಡೆ ಬಂದೀತು. ಹಾಗಾಗಿ ಬಸ್ಸಿಳಿದವರು ನನ್ನ ಕೋಣೆಗೆ ಬರಬೇಡಿ, ನೇರ ಅವರ ಗೇಟಿಗೇ ಹೋಗಿ. ಅವರು ಈ ಸಲ ಒಳಗೆ ಹೋಗುವುದಿಲ್ಲ.

ದಾರಿಯುದ್ದಕ್ಕೂ ನಮ್ಮ ಹಿರಿಯರು ನಿಮ್ಮನ್ನು ಕಾಯಲಿ,
ನಿಮ್ಮ ರುವಾರಾಶೆ