ಬಲಗೆನ್ನೆಯ ಮಚ್ಚೆ

ಮಾರ್ಚ್ 3, ಮಂಗಳವಾರ

ಮಕ್ಕಳ ಪುಸ್ತಕದ ಕರಡಿ ಮುಗಿಯಿತು. ಎಂದಿನಂತೆ ಮೊದಲು ಪೆನ್ಸಿಲ್, ಆಮೇಲೆ ಸ್ಕ್ಯಾನ್, ಆಮೇಲೆ ಟ್ಯಾಬ್ಲೆಟ್‌ನಲ್ಲಿ ಬಣ್ಣ. ನಡುನಡುವೆ ಚಿತ್ರವನ್ನು ಎಡಬಲ ತಿರುಗಿಸಿ ನೋಡುವ ಚಟ, ಕನ್ನಡಿಯಲ್ಲಿ ಕಂಡಂತೆ. ಸೊಟ್ಟಗಿದ್ದದ್ದು ತಟ್ಟನೆ ಸಿಕ್ಕಿಬೀಳುತ್ತದೆ. ಅಪ್ಪ ಬೆನ್ನ ಹಿಂದೆ ನಿಂತು, "ಥೇಟ್ ನಿಮ್ಮಣ್ಣ!" ಎಂದರು. ಮರೆವು ಬಂದರೂ ನಾಲಿಗೆಯ ಚುರುಕು ಹೋಗಿಲ್ಲ.

ಮಾರ್ಚ್ 5, ಮಧ್ಯಾಹ್ನ

ಅಪ್ಪ ಕಾಣುತ್ತಿಲ್ಲ.

ಅಣ್ಣ ಕ್ಷೌರದಂಗಡಿಗೆ ಕರೆದೊಯ್ದಿದ್ದ. ಸೆಕೆ ಎಂದು ತಲೆ, ಗಡ್ಡ, ಮೀಸೆ ಎಲ್ಲ ಬೋಳಿಸಿಕೊಂಡರಂತೆ. ಅಣ್ಣ ಫೋನಿನಲ್ಲಿ ಮಾತಾಡಿ ತಿರುಗುವಷ್ಟರಲ್ಲಿ ಕುರ್ಚಿ ಖಾಲಿ.

ಮನೆಯಲ್ಲಿರುವುದೆಲ್ಲ ಗಡ್ಡದ ಫೋಟೋಗಳೇ. ಕ್ಷೌರ ಮಾಡಿದವನೇ ಮನೆಗೆ ಓಡಿಬಂದ. "ಇವನ್ನ ಹಂಚಬೇಡಿ ಮೇಡಂ. ಬೋಳಿಸಿದ ಮೇಲೆ ನನಗೇ ಗುರುತು ಸಿಗಲಿಲ್ಲ. ನೀವು ಬರೀರಿ, ನಾನು ಹೇಳ್ತೀನಿ."

ಸಂಜೆ 4

"ಗದ್ದ ಇನ್ನೂ ಚೂಪು... ಮೇಲ್ತುಟಿ ಉದ್ದ ಮೇಡಂ, ಇನ್ನೂ ಉದ್ದ." ಒರೆಸಿದೆ, ಬರೆದೆ, ಒರೆಸಿದೆ. ಹಾಳೆ ಸ್ಕ್ಯಾನ್ ಮಾಡಿ ಹಳೆಯ ಫೋಟೋದ ಮೇಲೆ ಕೂರಿಸಿದೆ. ಕಣ್ಣು, ಮಚ್ಚೆ ಫೋಟೋದವು. ಗದ್ದ, ತಲೆ ಪೆನ್ಸಿಲಿನವು. ಅಭ್ಯಾಸಬಲ, ತಿರುಗಿಸಿ ನೋಡಿದೆ. ಒಂದು ಕಿವಿ ಮೇಲಿತ್ತು, ಇಳಿಸಿದೆ. ಅಷ್ಟರಲ್ಲಿ ಅಣ್ಣ "ಆಯ್ತೇನೇ? ಆಯ್ತಾ?" ಎಂದು ತಲೆ ಮೇಲೆ ನಿಂತ.

ಅಮ್ಮ ನೋಡಿದಳು. "ಅವರೇ... ಆದ್ರೂ ಏನೋ ಬೇರೆ ಥರ ಇದೆ ಕಣೇ."

"ಬೋಳಿಸಿದ್ದಾರಲ್ಲಮ್ಮ!" ಎಂದು ರೇಗಿದೆ.

ಅಣ್ಣ ಚಿತ್ರ ನೋಡಿಕೊಂಡೇ ಕೆಳಗೆ ಟೈಪ್ ಮಾಡಿದ: ಎಡಗೆನ್ನೆಯ ಮೇಲೆ ದೊಡ್ಡ ಮಚ್ಚೆ. ಕಂಡಕಂಡವರಿಗೆಲ್ಲ ಕಳಿಸಿದೆವು.

ಮಾರ್ಚ್ 6, ಬೆಳಿಗ್ಗೆ

ಬಸ್ ಕಂಡಕ್ಟರ್ ಒಬ್ಬರ ಫೋನ್. "ನಿನ್ನೆ ನಿಮ್ಮ ಚಿತ್ರ ಬಂದಾಗ ಒಬ್ರು ನನ್ನ ಬಸ್ಸಲ್ಲೇ ಇದ್ರು ಮೇಡಂ. ಮುಖ ಹೀಗೇ. ಆದ್ರೆ ಮಚ್ಚೆ ಬಲಗಡೆ. ನಿಮ್ಮೋರಲ್ಲ ಅಂತ ಸುಮ್ಮನಾದೆ. ಕೊನೇ ಸ್ಟಾಪಲ್ಲಿ ಇಳಿದ್ರು. ಯಾಕೋ ಮನಸ್ಸು ಕೊರೀತಿತ್ತು, ಅದಕ್ಕೆ..."

ಹಳೆಯ ಫೋಟೋವನ್ನು ಟ್ಯಾಬ್ಲೆಟ್ ಪಕ್ಕದಲ್ಲಿಟ್ಟೆ. ಫೋಟೋದಲ್ಲಿ ಮಚ್ಚೆ ಬಲಗೆನ್ನೆಗೆ. ಪರದೆಯಲ್ಲಿ ಎಡಗೆನ್ನೆಗೆ. ತಿರುಗಿಸಿದವಳು ವಾಪಸ್ ತಿರುಗಿಸಲೇ ಇಲ್ಲ. ಅಪ್ಪನನ್ನು ನನ್ನ ಕೈಯಾರೆ ಬೇರೆ ಯಾರನ್ನೋ ಮಾಡಿ ಊರಿಗೆಲ್ಲ ಹಂಚಿದ್ದೇನೆ.

ಅಣ್ಣನಿಗೆ ಹೇಳಿದೆ. "ನಾನೂ ನೋಡ್ಕೊಂಡೇ ಟೈಪ್ ಮಾಡಿದ್ನಲ್ಲೇ" ಎಂದ. ಬೈದಿದ್ದರೆ ವಾಸಿಯಿತ್ತು.

ಬಸ್ಸಿನಲ್ಲಿ

ಅಣ್ಣ ಪೊಲೀಸ್ ಠಾಣೆಗೆ, ನಾನು ಕೊನೆಯ ಸ್ಟಾಪಿಗೆ. ಸರಿ ಮಾಡಿದ ಚಿತ್ರ ಕಳಿಸಿಯಾಯಿತು. ತಪ್ಪಿನದು ಇನ್ನೂ ಫೋನಿಂದ ಫೋನಿಗೆ ಓಡುತ್ತಿದೆ. ಸುಮ್ಮನೆ ಕೂತರೆ ಅಳು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಬಸ್ ನಿಧಾನವಾಯಿತು. ಬೆಂಚಿನ ಮೇಲೆ ಬೋಳುತಲೆಯ ಮುದುಕರೊಬ್ಬರು. ನೀಲಿ ಅಂಗಿ, ಅಪ್ಪನದರಂಥದ್ದೇ. ಈ ಕಡೆಯಿಂದ ಎಡಗೆನ್ನೆ ಮಾತ್ರ ಕಾಣುತ್ತಿದೆ. ಮಚ್ಚೆ ಇಲ್ಲ. ಇರಬಾರದು, ಇಲ್ಲದಿರುವುದೇ ಸರಿ. ಅಪ್ಪಾ, ಒಂದೇ ಒಂದು ಸಲ ಈ ಕಡೆ ತಿರು—