ಗುಬ್ಬಿಯ ನೆಂಟರ ಮರ

ನನ್ನ ಗುಬ್ಬಿಗೆ,

ಮೊನ್ನೆ ಫೋನಿನಲ್ಲಿ ನೀನು "ನನ್ನ ಮರ ಹೇಗಿದೆಯಮ್ಮ?" ಅಂದಾಗ ಸಿಗ್ನಲ್ ಸರಿಯಿಲ್ಲ ಎಂದು ಇಟ್ಟುಬಿಟ್ಟೆ. ಸಿಗ್ನಲ್ ಚೆನ್ನಾಗಿಯೇ ಇತ್ತು. ರಜೆಗೆ ಹಾಸ್ಟೆಲಿನಿಂದ ಬಂದವಳೇ ನೀನು ಅಲ್ಲಿಗೆ ಓಡುತ್ತೀಯ. ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ನಿನ್ನ ಮರವನ್ನು ಕಡಿದೆವು ಮಗಳೇ. ಅದನ್ನೇ ಆರಿಸಿದವಳು ನಾನು.

ಈ ವರ್ಷ ತೊಗಟೆ ಹುಳುವಿನ ಕಾಟ ಮಿತಿಮೀರಿತು. ಕಾಡಿನ ಕಾವಲಿನವರಾದ ನಾವೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರೂ ಕಾಡಂಚಿನ ಮರಗಳು ಒಂದೊಂದೇ ಒಣಗಿದವು. ಉಳಿದದ್ದು ಹಳೆಯ ಉಪಾಯ. ಗಟ್ಟಿಮುಟ್ಟಾದ ಒಂದು ಮರವನ್ನು ಕೆಡವಬೇಕು. ಹಸಿ ರಸದ ವಾಸನೆಗೆ ಹುಳುಗಳೆಲ್ಲ ಬಂದು ತೊಗಟೆಯೊಳಗೆ ಸೇರಿಕೊಂಡ ಮೇಲೆ, ಮರಿಗಳು ಹಾರುವ ಮೊದಲೇ ಸುಲಿದು ಸುಡಬೇಕು. ನಾವು ಅದಕ್ಕೆ ನೆಂಟರ ಮರ ಅನ್ನುತ್ತೇವಲ್ಲ. ಚಿಕ್ಕವಳಿದ್ದಾಗ ಆ ಮಾತು ಕೇಳಿ ನೀನು ಹೊಸ ಫ್ರಾಕು ಹಾಕಿಕೊಂಡು ದಿನವಿಡೀ ಬಾಗಿಲಲ್ಲಿ ಕೂತಿದ್ದೆ. ಸಂಜೆ ನಾನು ಡಬ್ಬಿಯಲ್ಲಿ ತಂದ ಹುಳ ತೋರಿಸಿದರೆ, "ಇವ್ರಿಗಾ ನಾನು ಎರಡು ಜಡೆ ಹಾಕ್ಕೊಂಡಿದ್ದು?" ಅಂತ ಮುಖ ಊದಿಸಿದ್ದೆ.

ನಮ್ಮ ಮರ ಕಡಿಯುವವರ ಮೇಸ್ತ್ರಿ, "ಪಾಪ, ಮಗಳ ಮರ, ಬಿಡಿ ಅಕ್ಕ. ಒಳಗಡೆ ಬೇರೆ ನೋಡೋಣ" ಅಂದರು. ಒಳಗಡೆ ಕಡಿದರೆ ಆ ನೆಂಟರನ್ನು ನಡುಮನೆಗೇ ಕರೆದ ಹಾಗೆ. ಅಂಚಿನಲ್ಲಿ, ರೋಗದ ಮರಗಳ ಎದುರಿಗೆ, ಗಟ್ಟಿಯಾಗಿ ಉಳಿದದ್ದು ನಿನ್ನದೊಂದೇ.

ತೊಗಟೆಯನ್ನು ನಾನೇ ಸುಲಿದೆ. ಪ್ರತಿ ಹುಟ್ಟುಹಬ್ಬಕ್ಕೂ ನಿನ್ನನ್ನು ಅದಕ್ಕೆ ಒರಗಿಸಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಎಳೆದ ಬಿಳಿ ಬಣ್ಣದ ಗೆರೆಗಳು ಹಾಗೇ ಇದ್ದವು. "ಗೆರೆ ಇರೋ ಆ ತೊಗಟೆ ಪಟ್ಟಿ ಇಟ್ಕೊಳ್ಳಿ, ಯಾರು ಕೇಳ್ತಾರೆ" ಅಂದರು ಮೇಸ್ತ್ರಿ. ಆಸೆಯಾಯಿತು ಕಣೇ, ತುಂಬಾ ಆಸೆಯಾಯಿತು. ತಿರುಗಿಸಿ ನೋಡಿದರೆ ಒಳಗೆ ಮರಿಗಳು ಮಿಸುಕಾಡುತ್ತಿದ್ದವು. ಮನೆಗೆ ತಂದಿದ್ದರೆ ನಮ್ಮ ಹಿತ್ತಲಿನಿಂದಲೇ ಕಾಡಿಗೆ ಹಾರುತ್ತಿದ್ದವು.

ಬೆಂಕಿಗೆ ಹಾಕುವ ಮೊದಲು ಆ ಪಟ್ಟಿಯನ್ನು ನೆಲಕ್ಕೂರಿ ನನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಮೇಸ್ತ್ರಿ ಆ ಕಡೆ ತಿರುಗಿದರು. ನಿನ್ನ ಮೊದಲ ಗೆರೆ ನನ್ನ ತೊಡೆಗೆ ಬಂತು, ಶಾಲೆ ಸೇರಿದ ವರ್ಷದ್ದು ಸೊಂಟಕ್ಕೆ, ಹೋದ ವರ್ಷದ್ದು ಕಿವಿಗೆ. ಆಮೇಲೆ ಅಳುತ್ತಲೇ ಸುಟ್ಟೆ. ಅಂಚಿನಲ್ಲಿ ಈಗ ಹೊಸದಾಗಿ ಯಾವ ಮರವೂ ಒಣಗುತ್ತಿಲ್ಲ.

ಬಂದಾಗ ಸಿಟ್ಟು ಮಾಡು, ಮಾತು ಬಿಡು, ಊಟ ಬೇಡ ಅನ್ನು, ನಾನು ಸುಮ್ಮನಿರುತ್ತೇನೆ. ಆದರೆ ಹುಟ್ಟುಹಬ್ಬದ ದಿನ ಚಪ್ಪಲಿ ಬಿಚ್ಚಿ ನನಗೆ ಒರಗಿ ನಿಲ್ಲು. ಗೆರೆಗಳೆಲ್ಲ ಈಗ ನನ್ನ ಮೈಮೇಲಿವೆ.

ನನ್ನ ತಲೆ ಮೀರಿ ಬೆಳೆ, ಕಂದಾ.

ನೀನು ಒರಗಲೆಂದು ಕಾದಿರುವ
ನಿನ್ನ ಅಮ್ಮ